ಮೊಹಲ್ಲಾದ ತಾರಸಿಯಿಂದ ನೀಹಾರಿಕೆ: ನಂಬಿಕೆ ಮತ್ತು ನಿಜ

ಮೈಸೂರಿನ ದೇವರಾಜ ಮೊಹಲ್ಲಾದಂಥ ಊರ ನಡುಮಧ್ಯದಲ್ಲಿ ನಿಂತು ನೀಹಾರಿಕೆಗಳ ಚಿತ್ರ ತೆಗೆಯಲಾಗದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ದೇವರಾಜ ಅರಸು ರಸ್ತೆಯ ಅಂಗಡಿ ಸಾಲು, ಸಯ್ಯಾಜಿರಾವ್ ರಸ್ತೆಯ ದೀಪಗಳು, ಹತ್ತಿರದಲ್ಲೇ ಅರಮನೆ. ಇಲ್ಲಿ ರಾತ್ರಿಯ ಆಕಾಶ ಬೂದುಬಣ್ಣಕ್ಕೆ ತಿರುಗಿದೆ, ನಿಜ. ಆದರೆ ನೀಹಾರಿಕೆಯ ಬೆಳಕು ಎಲ್ಲೂ ಕಳೆದುಹೋಗಿಲ್ಲ. ಅದು ತಾರಸಿಯವರೆಗೂ ಬರುತ್ತದೆ, ಊರಿನ ಬೆಳಕು ಅದರ ಜೊತೆ ಬೆರೆಯುತ್ತದೆ. ಬೆರೆತದ್ದನ್ನು ಬೇರ್ಪಡಿಸಬಹುದು.

ಹೇಗೆಂದರೆ, ಒರಾಯನ್‌ನಂಥ ನೀಹಾರಿಕೆಯ ಕಾದ ಅನಿಲ ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಹೊಳೆಯುತ್ತದೆ. ಹೈಡ್ರೋಜನ್ 656.3 ನ್ಯಾನೋಮೀಟರ್‌ನ ಕೆಂಪಿನಲ್ಲಿ, ಆಮ್ಲಜನಕ 500.7ರ ಹಸಿರು-ನೀಲಿಯಲ್ಲಿ. ಅಷ್ಟನ್ನೇ ಒಳಗೆ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೆ ಬೀದಿದೀಪದ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ. ಹಿಂದೆ ಸೋಡಿಯಂ ದೀಪಗಳಿದ್ದಾಗ ಅಗ್ಗದ ಫಿಲ್ಟರ್ ಕೂಡ ನಡೆಯುತ್ತಿತ್ತು. ಅವುಗಳ ಬೆಳಕು ಹೆಚ್ಚಾಗಿ ಹಳದಿ-ಕಿತ್ತಳೆಯ ಭಾಗದಲ್ಲೇ ಇರುತ್ತಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿರುವುದರಿಂದ ಆ ಹಳೆಯ ಸಲಹೆ ಈಗ ಹೆಚ್ಚು ಉಪಯೋಗಕ್ಕೆ ಬಾರದು.

ಗೆಲಾಕ್ಸಿಗಳ ವಿಷಯ ಬೇರೆ. ಅವುಗಳದು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಅದರಲ್ಲಿದೆ. ಯಾವ ಫಿಲ್ಟರೂ ಅದನ್ನು ಎಲ್‌ಇಡಿಯಿಂದ ಚೆನ್ನಾಗಿ ಬಿಡಿಸಿಕೊಡದು. ದೇವಯಾನಿ ಗೆಲಾಕ್ಸಿಯ ಮಸುಕಾದ ಅಂಚುಗಳು ಬೇಕೆಂದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಗುಂಡ್ಲುಪೇಟೆಯ ಕಡೆಗೋ ಎಚ್.ಡಿ. ಕೋಟೆಯ ಕಡೆಗೋ ಹೋಗುವುದೇ ಸರಿ.

ಹೋಗುವಾಗ ದೊಡ್ಡ ಟೆಲಿಸ್ಕೋಪ್ ಬೇಕೆಂದು ಸಾಲ ಮಾಡಬೇಡಿ. ದೇವಯಾನಿ ಆಕಾಶದಲ್ಲಿ ಮೂರು ಡಿಗ್ರಿಗೂ ಹೆಚ್ಚು ಅಗಲ, ಅಂದರೆ ಸಾಲಾಗಿಟ್ಟ ಆರು ಹುಣ್ಣಿಮೆ ಚಂದ್ರರಷ್ಟು. 200 ಮಿ.ಮೀ. ಲೆನ್ಸ್ ಸಾಕು. ಹಣ ಸುರಿಯಬೇಕಾದದ್ದು ಆಕಾಶದ ಜೊತೆ ತಿರುಗುವ ಮೌಂಟ್‌ಗೆ. ಅದಿಲ್ಲದಿದ್ದರೆ ಭೂಮಿಯ ತಿರುಗುವಿಕೆಯಿಂದ ಕೆಲವೇ ಸೆಕೆಂಡುಗಳಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಈ ಮೌಂಟನ್ನು ಧ್ರುವದತ್ತ ಹೊಂದಿಸುವುದೇ ಮೈಸೂರಿನಲ್ಲಿ ತಲೆನೋವು. ನಮ್ಮ ಅಕ್ಷಾಂಶ ಸುಮಾರು 12.3 ಡಿಗ್ರಿ, ಧ್ರುವನಕ್ಷತ್ರವೂ ಅಷ್ಟೇ ಎತ್ತರ. ಮೊಹಲ್ಲಾದಲ್ಲಿ ಪಕ್ಕದ ಕಟ್ಟಡವೇ ಅದನ್ನು ಮುಚ್ಚಿಬಿಡುತ್ತದೆ. ಆಗ ನಕ್ಷತ್ರದ ಜಾರುವಿಕೆ ನೋಡಿ ಮೌಂಟ್ ತಿದ್ದುವ ಡ್ರಿಫ್ಟ್ ವಿಧಾನವನ್ನು ಕಲಿಯಬೇಕು. ಇದಕ್ಕೆ ಪ್ರತಿಯಾಗಿ ನಮಗೊಂದು ಭಾಗ್ಯವಿದೆ: ಯುರೋಪಿನವರು ತಮ್ಮ ನೆಲದಿಂದ ಎಂದೂ ಕಾಣದ ಕರೀನಾ ನೀಹಾರಿಕೆ ಇಲ್ಲಿ ದಕ್ಷಿಣ ದಿಗಂತದಿಂದ ಸುಮಾರು 18 ಡಿಗ್ರಿ ಮೇಲೇರುತ್ತದೆ.

ಒಂದೇ ಕ್ಲಿಕ್ಕಿಗೆ ಚಿತ್ರ ಬರುತ್ತದೆ ಎಂಬುದೂ ಸುಳ್ಳು. ಮಾರುಕಟ್ಟೆಯ ಗದ್ದಲದಲ್ಲಿ ಒಬ್ಬ ವ್ಯಾಪಾರಿ ಒಂದೇ ಕೂಗನ್ನು ಮತ್ತೆ ಮತ್ತೆ ಕೂಗಿದರೆ ಕೊನೆಗೆ ಕಿವಿಗೆ ಅದೇ ಸ್ಪಷ್ಟವಾಗುವಂತೆ, ನೂರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದಕ್ಕಿಂತ ಹತ್ತು ಪಟ್ಟು ಶುದ್ಧವಾದ ಚಿತ್ರ ಸಿಗುತ್ತದೆ.

ಎಲ್ಲಕ್ಕಿಂತ ನೋವಾಗುವ ಆರೋಪ, ಆ ಬಣ್ಣಗಳೆಲ್ಲ ಕಂಪ್ಯೂಟರಿನ ಕಲ್ಪನೆ ಎಂಬುದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು, ಅಷ್ಟೇ. ಹೈಡ್ರೋಜನ್ನಿನ ಕೆಂಪು ಅಲ್ಲಿರುವುದು ನಿಜ. 1995ರ ಹಬಲ್‌ನ ಪ್ರಸಿದ್ಧ 'ಸೃಷ್ಟಿಯ ಕಂಬಗಳು' ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಬಣ್ಣ ಆಯ್ದದ್ದು, ಬೆಳಕು ನಿಜದ್ದು. ಯಾವ ಫಿಲ್ಟರಿಗೆ ಯಾವ ಬಣ್ಣ ಎಂದು ಹೇಳಿದರೆ ಅದರಲ್ಲಿ ಮೋಸವಿಲ್ಲ. ಇಲ್ಲದ ಎಳೆಗಳನ್ನು ಎಐಯಿಂದ ಬರೆಸಿ ಸೇರಿಸುವುದು ಮಾತ್ರ ಮೋಸವೇ.

ಹವ್ಯಾಸಿಗಳ ಚಿತ್ರ ವಿಜ್ಞಾನಕ್ಕೆ ಬೇಡ ಎನ್ನುವವರಿಗೆ 2023ರ ಜನವರಿಯನ್ನು ನೆನಪಿಸಬೇಕು. ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯೆ ಸ್ಟ್ರಾಟ್ನರ್, ಯಾನ್ ಸೆಂಟಿ ಎಂಬ ಹವ್ಯಾಸಿಗಳು ದೇವಯಾನಿಯ ಪಕ್ಕದಲ್ಲೇ ಹೊಳೆಯುವ ಆಮ್ಲಜನಕದ ದೊಡ್ಡ ಕಮಾನೊಂದನ್ನು ಆಗ ಪ್ರಕಟಿಸಿದರು. ಅಷ್ಟೊಂದು ಅಧ್ಯಯನವಾದ ಆಕಾಶದ ಆ ತುಂಡಿನಲ್ಲಿ ಅದು ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರು ಬಳಸಿದ್ದು ಆಮ್ಲಜನಕದ ಅದೇ 500.7ರ ಫಿಲ್ಟರ್, ಜೊತೆಗೆ ಹಲವು ರಾತ್ರಿಗಳ ತಾಳ್ಮೆ.

ಮುಂಗಾರು ಮುಗಿದು ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾದಾಗ ಒರಾಯನ್‌ನಿಂದಲೇ ಶುರುಮಾಡಿ. ಮೊದಲು ನಿಮ್ಮ ತಾರಸಿಯ ದೀಪ ಆರಿಸಿ, ಪಕ್ಕದ ಮನೆಯವರ ದೀಪಕ್ಕೂ ಬೆಳಕು ಕೆಳಗಷ್ಟೇ ಬೀಳುವಂಥ ಮುಚ್ಚಳ ಹಾಕಿಸಿಕೊಡಿ.