ಗುಡ್ಡದ ಮೇಲಿನ ಗುಮ್ಮಟ, ಕೆಳಗಿನ ದೀಪಗಳು

ಮಗನನ್ನೋ ಮಗಳನ್ನೋ ನೋಡಿಬರಲು ಅಮೆರಿಕೆಯ ಲಾಸ್ ಏಂಜಲೀಸಿಗೆ ಹೋದವರು ಊರಿಗೆ ಮರಳಿ ತೋರಿಸುವ ಚಿತ್ರಗಳಲ್ಲಿ ಮೂರು ಗುಮ್ಮಟಗಳ ಬಿಳಿಯ ಕಟ್ಟಡವೊಂದನ್ನು ನೀವು ನೋಡಿರಬಹುದು. ಅದು ಗ್ರಿಫಿತ್ ವೀಕ್ಷಣಾಲಯ. ಚಿತ್ರ ಹಗಲಿನದಾದರೆ ಹಿಂದಿನ ನಗರ ಮಬ್ಬಾಗಿರುತ್ತದೆ. ನಡುರಾತ್ರಿಯದಾದರೆ ಕರಿಯ ಹಲಗೆಯ ಮೇಲೆ ಚುಕ್ಕೆಯಿಟ್ಟಂತೆ ಇರುತ್ತದೆ. ಎರಡರ ನಡುವೆ ಒಂದು ಹೊತ್ತಿದೆ, ಅದನ್ನು ಹಿಡಿಯಬೇಕು.

ಗ್ರಿಫಿತ್ ಜೆ. ಗ್ರಿಫಿತ್ ಎಂಬ ಧನಿಕ 1896ರಲ್ಲಿ ಸುಮಾರು 3,000 ಎಕರೆ ಗುಡ್ಡಗಾಡನ್ನು ನಗರಕ್ಕೆ ಉದ್ಯಾನವೆಂದು ದಾನ ಕೊಟ್ಟ. ಮುಂದೆ ಮೌಂಟ್ ವಿಲ್ಸನ್ನಿನ ದೊಡ್ಡ ದೂರದರ್ಶಕದಲ್ಲಿ ಆಕಾಶವನ್ನು ಕಂಡ ಅವನಿಗೆ, ಈ ನೋಟ ಎಲ್ಲರಿಗೂ ಸಿಗಬೇಕೆನ್ನಿಸಿತು. 1919ರಲ್ಲಿ ಅವನು ತೀರಿಕೊಂಡ. ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ ಕಟ್ಟಡವೆದ್ದು 1935ರ ಮೇ ತಿಂಗಳಲ್ಲಿ ತೆರೆಯಿತು. ಸಮುದ್ರಮಟ್ಟದಿಂದ 1,134 ಅಡಿ ಎತ್ತರ. ಒಳಗೆ ಹೋಗಲು ಇಂದಿಗೂ ಟಿಕೇಟಿಲ್ಲ.

ಕಟ್ಟಡದ ಮುಖ ಉತ್ತರಕ್ಕೆ, ನಗರ ದಕ್ಷಿಣಕ್ಕೆ. ಆದ್ದರಿಂದ ಹುಲ್ಲುಹಾಸಿನಲ್ಲಿ ನಿಂತರೆ ನಗರ ಸಿಗದು. ಉತ್ತರದ ಗುಡ್ಡದ ಕಾಲುದಾರಿಯನ್ನು ಸ್ವಲ್ಪ ಹತ್ತಿ ಹಿಂತಿರುಗಿ ನೋಡಿದರೆ ಗುಮ್ಮಟಗಳೂ, ಅವುಗಳಾಚೆ ಐದಾರು ಮೈಲಿ ದೂರದ ಎತ್ತರದ ಕಟ್ಟಡಗಳೂ ಒಂದೇ ಚಿತ್ರಕ್ಕೆ ಬರುತ್ತವೆ. ಆದರೆ ಆ ದಾರಿಗಳು ಸೂರ್ಯಾಸ್ತಕ್ಕೆ ಮುಚ್ಚುತ್ತವೆ. ಬೇಗ ಹೋಗಿ ಬೇಗ ಇಳಿಯಿರಿ.

ಇಳಿದು ನೇರ ಮಾಳಿಗೆಗೆ ಬನ್ನಿ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಆಕಾಶದ ಬೆಳಕು ಇಳಿಯುತ್ತ, ಬೀದಿದೀಪಗಳ ಬೆಳಕಿಗೆ ಸರಿಸಮವಾಗುತ್ತದೆ. ಆಗ ನೀಲಿ ನೀಲಿಯಾಗಿಯೇ ಉಳಿಯುತ್ತದೆ, ದೀಪಗಳೂ ಉರಿಯುತ್ತವೆ. ಅಲ್ಲಿಯ ಮುಸ್ಸಂಜೆ ನಮ್ಮದಕ್ಕಿಂತ ಸ್ವಲ್ಪ ನಿಧಾನ, ಅಷ್ಟು ಅನುಕೂಲ. ಗುಮ್ಮಟದ ಒಂದು ಅಂಚನ್ನು ಬದಿಗಿಟ್ಟುಕೊಂಡು ಆಗ್ನೇಯಕ್ಕೆ ತಿರುಗಿ. ಒಂದೆರಡು ಸೆಕೆಂಡು ಕ್ಯಾಮೆರಾ ಅಲುಗಬಾರದು. ಮೋಟುಗೋಡೆಗೆ ಒತ್ತಿಟ್ಟು, ತಾನೇ ತೆಗೆದುಕೊಳ್ಳುವ ಟೈಮರನ್ನು ಹಚ್ಚಿ. ಮೊಬೈಲಾದರೂ ಇದೇ ಮಾತು. ಫ್ಲ್ಯಾಷನ್ನು ದಯವಿಟ್ಟು ಆರಿಸಿ, ಅದು ಮೈಲಿಗಟ್ಟಲೆ ದೂರದ ನಗರವನ್ನು ಬೆಳಗಿಸುವುದಿಲ್ಲ! ಮೇ, ಜೂನ್ ತಿಂಗಳಲ್ಲಿ ಕಡಲ ಮೋಡ ಕವಿಯುವುದುಂಟು. ಚಳಿಗಾಲದ ಮಳೆ ಬಿಟ್ಟ ಮರುದಿನ ಗಾಳಿ ತೊಳೆದಂತಿರುತ್ತದೆ. ಹಳೆಯ ಚಿತ್ರಗಳಲ್ಲಿ ಕಾಣುವ ಹಳದಿ ನಗರ ಮಾತ್ರ ನಿಮಗೆ ಸಿಗದು. 2009ರಿಂದೀಚೆಗೆ ಬೀದಿಗಳಿಗೆ ಬಿಳಿಯ ಎಲ್‌ಇಡಿ ದೀಪಗಳು ಬಂದಿವೆ.

ನಿಮ್ಮ ಚಿತ್ರಕ್ಕೆ ಕಳೆ ಕೊಡುವ ಈ ದೀಪಗಳೇ ಆಕಾಶವನ್ನು ಅಳಿಸಿದವು. 1994ರ ಜನವರಿಯಲ್ಲಿ ನಸುಕಿಗೆ ಮುಂಚೆ ಭೂಕಂಪವಾಗಿ ದೀಪಗಳಾರಿದಾಗ, ಹೊರಗೋಡಿ ಬಂದ ಜನ ತಲೆಯೆತ್ತಿ ನೋಡಿದರು. ಆಮೇಲೆ, ಆಕಾಶ ಹೀಗೇಕೆ ವಿಚಿತ್ರವಾಗಿತ್ತೆಂದು ಕೇಳಲು ಇದೇ ವೀಕ್ಷಣಾಲಯಕ್ಕೆ ಫೋನ್ ಮಾಡಿದರು. ಅವರು ಕಂಡದ್ದು ನಕ್ಷತ್ರಗಳನ್ನು.

ಆದರೂ ಚಂದ್ರನನ್ನೂ ಶನಿಯನ್ನೂ ದೀಪಗಳು ಮುಚ್ಚಲಾರವು. ಪೂರ್ವದ ಗುಮ್ಮಟದಲ್ಲಿ 12 ಅಂಗುಲದ ಝೈಸ್ ದೂರದರ್ಶಕವಿದೆ, ಮೋಡವಿಲ್ಲದ ರಾತ್ರಿ ಯಾರು ಬೇಕಾದರೂ ನೋಡಬಹುದು. ಸಾಲು ಉದ್ದವಾಗಿರುತ್ತದೆ. ಮನೆಯವರೊಬ್ಬರನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಚಿತ್ರ ತೆಗೆಯಿರಿ. ಸರದಿ ಬಂದಾಗ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಒಳಗೆ ಹೋಗಿ.