ದಾನವೋ ಋಣವೋ: ತುವಾಲುವಿಗೆ ಆಸ್ಟ್ರೇಲಿಯಾದ ನೆರವು ಮತ್ತು ಸಂತ ಪೌಲರ ಕಾಣಿಕೆ ಸಂಗ್ರಹ

ಸಿರಿವಂತ ರಾಷ್ಟ್ರವೊಂದು ಬಡ ರಾಷ್ಟ್ರಕ್ಕೆ ಹಣ ನೀಡಿದಾಗ ಅದನ್ನು ನಾವು ‘ನೆರವು’ ಎಂದು ಕರೆದು ಸುಮ್ಮನಾಗುತ್ತೇವೆ. ನೈತಿಕ ದೈವಶಾಸ್ತ್ರ ಅಷ್ಟಕ್ಕೇ ನಿಲ್ಲುವಂತಿಲ್ಲ. ಕೊಟ್ಟದ್ದು ದಯೆಯಿಂದ ಹರಿದುಬಂದ ದಾನವೇ, ಇಲ್ಲವೇ ನ್ಯಾಯವಾಗಿ ಸಲ್ಲಬೇಕಾಗಿದ್ದ ಋಣವೇ ಎಂದು ಅದು ಕೇಳಬೇಕಾಗುತ್ತದೆ. ಪೆಸಿಫಿಕ್ ಮಹಾಸಾಗರದ ತುವಾಲು ಎಂಬ ಪುಟ್ಟ ದೇಶಕ್ಕೆ ಆಸ್ಟ್ರೇಲಿಯಾ ನೀಡುತ್ತಿರುವ ನೆರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ತುವಾಲು ಒಂಬತ್ತು ಹವಳ ದ್ವೀಪಗಳ ರಾಷ್ಟ್ರ. ಒಟ್ಟು ನೆಲ 26 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 10,000. ಅಲ್ಲಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ಮೇಲಿಲ್ಲ. ಹವಳದ ನೆಲ ರಂಧ್ರಮಯವಾದುದರಿಂದ ದೊಡ್ಡ ಉಬ್ಬರಗಳಲ್ಲಿ ಉಪ್ಪುನೀರು ದಡವನ್ನು ದಾಟಿ ಬರುವುದಷ್ಟೇ ಅಲ್ಲ, ಕಾಲಡಿಯಿಂದಲೂ ಉಕ್ಕುತ್ತದೆ. ಜನರು ಗುಂಡಿ ತೋಡಿ ಬೆಳೆಯುವ ‘ಪುಲಕ’ ಎಂಬ ಕೆಸುವಿನ ಜಾತಿಯ ಗೆಡ್ಡೆ ಆ ಉಪ್ಪಿಗೆ ಕೊಳೆಯುತ್ತದೆ. ಭೂಮಿಯ ತಾಪವನ್ನು ಏರಿಸಿದ ಅನಿಲಗಳಲ್ಲಿ ಈ ಜನರ ಪಾಲು ಲೆಕ್ಕಕ್ಕೂ ಸಿಗದಷ್ಟು ಅಲ್ಪ.

ಇಲ್ಲಿ ನಡೆದಿರುವ ಮುಖ್ಯ ಕಾಮಗಾರಿ ಕರಾವಳಿ ರಕ್ಷಣಾ ಯೋಜನೆ. ಅನೇಕ ರಾಷ್ಟ್ರಗಳ ಹಣದಿಂದ ನಡೆಯುವ ಹಸಿರು ಹವಾಮಾನ ನಿಧಿಯು 2016ರಲ್ಲಿ ಇದಕ್ಕೆ 3.6 ಕೋಟಿ ಅಮೆರಿಕನ್ ಡಾಲರ್ ಅನುದಾನವನ್ನು ಮಂಜೂರು ಮಾಡಿತು. ರಾಜಧಾನಿ ಫುನಾಫುಟಿಯಲ್ಲಿ ಹಿನ್ನೀರಿನ ಮರಳನ್ನು ಮೇಲೆತ್ತಿ, ಸುಮಾರು 780 ಮೀಟರ್ ಉದ್ದ, 100 ಮೀಟರ್ ಅಗಲದ ಎತ್ತರದ ನೆಲವನ್ನು ನಿರ್ಮಿಸಲಾಗಿದೆ. ಈ ಕಾರ್ಯದ ಮುಂದುವರಿಕೆಗೆ ಆಸ್ಟ್ರೇಲಿಯಾ 2023ರಲ್ಲಿ 1.69 ಕೋಟಿ ಆಸ್ಟ್ರೇಲಿಯನ್ ಡಾಲರ್ ಘೋಷಿಸಿತು.

ಆ ಘೋಷಣೆ ಬಂದದ್ದು ಒಂದು ಒಪ್ಪಂದದ ಜೊತೆಯಲ್ಲಿ. 2023ರ ನವೆಂಬರ್‌ನಲ್ಲಿ ಸಹಿಯಾಗಿ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅದರ ಹೆಸರು ‘ಫಲೆಪಿಲಿ ಒಕ್ಕೂಟ’. ತುವಾಲು ಭಾಷೆಯಲ್ಲಿ ಫಲೆಪಿಲಿ ಎಂದರೆ ಒಳ್ಳೆಯ ನೆರೆಹೊರೆತನ. ವರ್ಷಕ್ಕೆ 280 ತುವಾಲು ಪ್ರಜೆಗಳವರೆಗೆ ಆಸ್ಟ್ರೇಲಿಯಾದಲ್ಲಿ ನೆಲೆಸಲು ಅವಕಾಶವಿದೆ. ಸಮುದ್ರ ಎಷ್ಟೇ ಏರಿದರೂ ತುವಾಲುವಿನ ರಾಷ್ಟ್ರತ್ವ ಮುಂದುವರಿಯುವುದೆಂದು ಒಪ್ಪಂದ ಮಾನ್ಯಮಾಡುತ್ತದೆ. ಆದರೆ ಭದ್ರತೆ, ಬಂದರು, ದೂರಸಂಪರ್ಕ ಮುಂತಾದ ವಿಷಯಗಳಲ್ಲಿ ತುವಾಲು ಬೇರಾವ ದೇಶದೊಡನೆ ವ್ಯವಹರಿಸಬೇಕಾದರೂ ಆಸ್ಟ್ರೇಲಿಯಾದ ಸಮ್ಮತಿ ಪಡೆಯಬೇಕು. 2024ರ ಆರಂಭದಲ್ಲಿ ಅಧಿಕಾರಕ್ಕೆ ಬಂದ ತುವಾಲುವಿನ ಹೊಸ ಸರಕಾರ ಒಪ್ಪಂದದ ತತ್ವವನ್ನು ಬೆಂಬಲಿಸಿತಾದರೂ, ಜನರೊಡನೆ ನಡೆದ ಸಮಾಲೋಚನೆಯಲ್ಲಿ ಪಾರದರ್ಶಕತೆ ಸಾಲದೆಂದು ಹೇಳಿತು.

ನೆರವಿನ ಇನ್ನೊಂದು ರೂಪ ಸಾಲ. ಪೆಸಿಫಿಕ್ ರಾಷ್ಟ್ರಗಳ ಮೂಲಸೌಕರ್ಯಕ್ಕೆಂದು ಆಸ್ಟ್ರೇಲಿಯಾ 2019ರಲ್ಲಿ ಆರಂಭಿಸಿದ 200 ಕೋಟಿ ಡಾಲರಿನ ನಿಧಿಯಲ್ಲಿ 150 ಕೋಟಿ ಸಾಲಕ್ಕೆ, 50 ಕೋಟಿ ಅನುದಾನಕ್ಕೆ ಮೀಸಲಾಗಿತ್ತು. ಹೀಗೆ ಕೊಡುವ ರಾಷ್ಟ್ರವೇ ಜಗತ್ತಿನ ಅತಿದೊಡ್ಡ ಕಲ್ಲಿದ್ದಲು ರಫ್ತುದಾರರಲ್ಲಿ ಒಂದೆಂಬುದನ್ನೂ ಮರೆಯುವಂತಿಲ್ಲ.

ಇಂತಹ ಕೊಡುಕೊಳ್ಳುವಿಕೆಯನ್ನು ತೂಗಿ ನೋಡಲು ಪವಿತ್ರ ಗ್ರಂಥದಲ್ಲಿ ಸಂತ ಪೌಲರ ಕಾಣಿಕೆ ಸಂಗ್ರಹಕ್ಕಿಂತ ಹತ್ತಿರದ ನಿದರ್ಶನವಿಲ್ಲ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಯೆಹೂದ್ಯೇತರ ಸಭೆಗಳಿಂದ ಅವರು ಹಣ ಕೂಡಿಸಿದರು. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಅವರು ಮುಂದಿಡುವ ಗುರಿ ‘ಇಸೊತೇಸ್’, ಅಂದರೆ ಸಮಾನತೆ: ಒಬ್ಬರ ಸಮೃದ್ಧಿ ಇನ್ನೊಬ್ಬರ ಕೊರತೆಯನ್ನು ತುಂಬಬೇಕು. ಅದೇ ಅಧ್ಯಾಯದಲ್ಲಿ ಹಣದ ವಿಷಯವಾಗಿ ಯಾರೂ ಬೆರಳು ತೋರಿಸದಂತೆ, ಸಭೆಗಳೇ ಆರಿಸಿದ ಸಹೋದರರನ್ನು ಜೊತೆಗೆ ಕಳುಹಿಸುವ ಎಚ್ಚರವೂ ಇದೆ. ರೋಮನರಿಗೆ ಬರೆದ ಪತ್ರದ 15ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಕೊಟ್ಟವರನ್ನೇ ಋಣಿಗಳೆಂದು ಕರೆಯುತ್ತದೆ. ಅಲ್ಲಿ ಅವರು ಪಡೆದಿದ್ದುದು ಆಧ್ಯಾತ್ಮಿಕ ವರಗಳನ್ನು. ತೀರಿಸಿದ್ದು ಲೌಕಿಕ ವಸ್ತುಗಳಿಂದ. ಕೊಟ್ಟ ಕೈ ಮೇಲಿನದು, ಪಡೆದ ಕೈ ಕೆಳಗಿನದು ಎಂಬ ಲೋಕರೂಢಿಯನ್ನು ಪೌಲರು ಇಲ್ಲಿ ತಲೆಕೆಳಗಾಗಿಸುತ್ತಾರೆ.

ತುವಾಲುವಿನ ವಿಷಯದಲ್ಲಿ ಈ ವಾದ ಮತ್ತಷ್ಟು ಬಲಗೊಳ್ಳುತ್ತದೆ. ಇಲ್ಲಿ ಋಣ ಆಧ್ಯಾತ್ಮಿಕವಾದುದಲ್ಲ, ಮಾಡಿದ ಹಾನಿಯಿಂದಲೇ ಹುಟ್ಟಿದ್ದು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಇದನ್ನೇ ಪರಿಸರ ಋಣವೆಂದು ಹೆಸರಿಸಿ, ಬಡ ರಾಷ್ಟ್ರಗಳ ವಿದೇಶಿ ಸಾಲ ಅವುಗಳನ್ನು ಹಿಡಿತದಲ್ಲಿಡುವ ಸಾಧನವಾಗಿದೆಯೆಂದು ಎಚ್ಚರಿಸಿದರು. ವನುವಾಟು ದ್ವೀಪರಾಷ್ಟ್ರದ ಮುಂದಾಳತ್ವದಿಂದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದ ಪ್ರಶ್ನೆಗೆ 2025ರ ಜುಲೈ 23ರಂದು ಸಲಹಾ ಅಭಿಪ್ರಾಯ ಹೊರಬಿದ್ದಿತು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಪರಿಹಾರ ನೀಡಬೇಕಾಗಬಹುದು. ಹಾಗಾದರೆ ಹಾನಿಗೊಳಗಾದವನಿಗೆ ಪರಿಹಾರವನ್ನು ಸಾಲದ ರೂಪದಲ್ಲಿ ಕೊಡುವುದು ಹೇಗೆ ನ್ಯಾಯ? ಸಲ್ಲಬೇಕಾದುದನ್ನು ಸಲ್ಲಿಸುವವನು ಅದಕ್ಕೆ ಷರತ್ತು ಹಾಕುವುದು ಹೇಗೆ ಯುಕ್ತ? ಫುನಾಫುಟಿಯ ಹೊಸ ನೆಲ ನಿಜವಾದ ಒಳಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಯಾವಂತ ಸಮಾರಿಯದವನು ಛತ್ರದವನ ಕೈಗೆ ಹಣವಿಟ್ಟು ಹೊರಟಾಗ, ಗಾಯಾಳು ಮುಂದೆ ಯಾರೊಡನೆ ಸ್ನೇಹ ಬೆಳೆಸಬೇಕೆಂದು ಕಟ್ಟಳೆ ಮಾಡಲಿಲ್ಲ. ಫಲೆಪಿಲಿ ಎಂಬ ಸುಂದರ ಪದವನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು.

ಬಹುಮಟ್ಟಿಗೆ ಕ್ರೈಸ್ತರೇ ಆಗಿರುವ ತುವಾಲುವಿನ ಜನರಲ್ಲಿ ಕೆಲವರು ಆದಿಕಾಂಡದ 9ನೆಯ ಅಧ್ಯಾಯವನ್ನು ನೆನೆದು, ನೋವನೊಡನೆ ಒಡಂಬಡಿಕೆ ಮಾಡಿಕೊಂಡ ದೇವರು ನಾಡನ್ನು ಮುಳುಗಿಸಲಾರರೆಂದು ನಂಬಿದ್ದಾರೆ. ಈ ವಿಶ್ವಾಸವನ್ನು ಅಜ್ಞಾನವೆಂದು ತಳ್ಳಿಹಾಕುವ ಬೋಧಕನು ಅವಸರ ಮಾಡುತ್ತಾನೆ. ದೇವರು ಕೊಟ್ಟ ಮಾತಿಗೆ ತಪ್ಪಿಲ್ಲ. ಈ ನೀರನ್ನು ಏರಿಸುತ್ತಿರುವವರು ಮನುಷ್ಯರು. ಹೀಗೆ ತಿಳಿದಾಗ ಮುಗಿಲುಬಿಲ್ಲು ತುವಾಲುವಿನವರಿಗೆ ಭರವಸೆಯ ಗುರುತಾಗಿಯೇ ಉಳಿಯುತ್ತದೆ, ಉಳಿದವರಿಗೆ ತೀರಿಸಬೇಕಾದ ಬಾಕಿಯನ್ನು ನೆನಪಿಸುತ್ತದೆ.

ಆ ಉಳಿದವರಲ್ಲಿ ನಾವೂ ಇದ್ದೇವೆ. ಉಕ್ಕು ತಯಾರಿಕೆಗೆ ಬೇಕಾದ ಆಸ್ಟ್ರೇಲಿಯಾದ ಕಲ್ಲಿದ್ದಲನ್ನು ಕೊಳ್ಳುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದು. ಆದುದರಿಂದ ಬಲಿಪೀಠದ ಮುಂದೆ ಕಾಣಿಕೆಗೆ ಕರೆ ನೀಡುವಾಗ, ನಾವು ಕೊಡುತ್ತಿರುವುದು ಔದಾರ್ಯದಿಂದಲೋ ಅಥವಾ ಬಾಕಿ ಉಳಿದದ್ದನ್ನು ಹಿಂದಿರುಗಿಸುತ್ತಿದ್ದೇವೆಯೋ ಎಂಬುದನ್ನು ನಮ್ಮ ಧರ್ಮಕೇಂದ್ರಗಳ ಜನರಿಗೆ ತಿಳಿಯಹೇಳುವುದು ಯಾಜಕರ ಕರ್ತವ್ಯ.