ಗೋಡೆಗೆ ಹಣೆ ಒತ್ತಿ ನಿಂತ ಕುದುರೆಗೆ ಏನಾಗಿದೆ?

ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಬರುವ ಸಂಚಾರಿ ಕುರುಬರ ಜತೆ ಒಂದೆರಡು ಕುದುರೆ ಇದ್ದೇ ಇರುತ್ತವೆ. ಬಿಡಾರದ ಸಾಮಾನು, ಪಾತ್ರೆ, ಕಂಬಳಿ, ನಡೆಯಲಾರದ ಎಳೆಮರಿ, ಒಮ್ಮೊಮ್ಮೆ ಮನೆಯ ಕೂಸು ಕೂಡ ಅವುಗಳ ಬೆನ್ನ ಮೇಲೆಯೇ ಊರೂರು ತಿರುಗುತ್ತವೆ. ಬೆಳಗಾವಿ ಜಿಲ್ಲೆಯಲ್ಲಿ ಕುದುರೆ ಗಾಡಿ ಶರ್ಯತ್ತಿನ ಹುಚ್ಚೂ ಇನ್ನೂ ಇಳಿದಿಲ್ಲ. ಭಕ್ತಿಯಂತೂ ಇದ್ದೇ ಇದೆ. 2021ರ ಮೇ ತಿಂಗಳಲ್ಲಿ ಗೋಕಾಕ ತಾಲೂಕಿನ ಮರಡಿಮಠದ ಕುದುರೆ ಸತ್ತಾಗ, ಕೋವಿಡ್ ನಿರ್ಬಂಧವನ್ನೂ ಲೆಕ್ಕಿಸದೆ ನೂರಾರು ಜನ ಅದರ ಅಂತ್ಯಕ್ರಿಯೆಗೆ ಸೇರಿದ್ದರು.

ಇಷ್ಟು ಪ್ರೀತಿಯ ಪ್ರಾಣಿ ಖಾನಾಪುರ ತಾಲೂಕಿನ ಬೀಡಿಯಂಥ ಊರಿನಲ್ಲಿ ಒಂದು ಮುಂಜಾನೆ ಮೇವು ಬಿಟ್ಟು, ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರೆ? ಕರೆದರೆ ಕಿವಿ ಅಲುಗುವುದಿಲ್ಲ, ನಡೆಸಿದರೆ ಒಂದೇ ಕಡೆಗೆ ಸುತ್ತುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ಕೈ. ಹುಚ್ಚುನಾಯಿ ಕಚ್ಚಿದ ಕುದುರೆಯೂ ಹೀಗೆಯೇ ಜೊಲ್ಲು ಸುರಿಸುತ್ತದೆ.

ಮಿದುಳಿಗೆ ತಗಲುವ ಬೇನೆಗಳು ಹೊರಗಿನಿಂದ ನೋಡಲು ಒಂದರಂತೆ ಒಂದು. ರೇಬೀಸ್ ಒಂದು. ಹರ್ಪಿಸ್, ಜಪಾನೀಸ್ ಎನ್ಸೆಫಲೈಟಿಸ್‌ನಂಥ ವೈರಸ್‌ಗಳು ಇನ್ನೊಂದು ಗುಂಪು. ಕಚ್ಚುವ ನೊಣಗಳಿಂದ ಹರಡುವ ಸರ್ರಾ ಕೂಡ ಕೆಲವೊಮ್ಮೆ ಮಿದುಳಿಗೆ ಏರುತ್ತದೆ. ಬೂಷ್ಟು ಹಿಡಿದ ಗೋವಿನಜೋಳ ತಿಂದ ಕುದುರೆಗಳಲ್ಲಿ ಮಿದುಳಿನ ಬಿಳಿಭಾಗವೇ ಕರಗಿ ನೀರಾಗುವ ರೋಗವಿದೆ. ಅದಕ್ಕೆ ಕಾರಣವಾದ ಫ್ಯುಮೊನಿಸಿನ್ ಎಂಬ ವಿಷವನ್ನು ದಕ್ಷಿಣ ಆಫ್ರಿಕದ ಸಂಶೋಧಕರು 1988ರಲ್ಲಿ ಗುರುತಿಸಿದರು. ಇವೆಲ್ಲವುಗಳ ನಡುವೆ ಅಪರೂಪಕ್ಕೆ ಬ್ಯಾಕ್ಟೀರಿಯಾದ ಸೋಂಕು ಬರುತ್ತದೆ. ಬೇಗ ಸಿಕ್ಕರೆ ಔಷಧಿಗೆ ಬಗ್ಗುವ ಅವಕಾಶ ಇರುವ ಕೆಲವೇ ಕಾರಣಗಳಲ್ಲಿ ಇದೂ ಒಂದು. ಆದರೂ ಕೈತಪ್ಪುವುದು ಇದೇ, ಏಕೆಂದರೆ ಇದನ್ನು ಖಚಿತಪಡಿಸಿಕೊಳ್ಳಲು ಬೇಕಾದದ್ದು ಕುದುರೆಯ ಬೆನ್ನಿನೊಳಗಿದೆ.

ಬ್ಯಾಕ್ಟೀರಿಯಾ ತಲೆಯೊಳಗೆ ಹೋಗುವುದಾದರೂ ಹೇಗೆ? ಮರಿಗಳಲ್ಲಿ ದಾರಿ ಸುಲಭ. ತಾಯಿಯ ಗರ್ಭದಲ್ಲಿದ್ದಾಗ ಕುದುರೆಮರಿಗೆ ರೋಗನಿರೋಧಕ ಕಣಗಳು ದಾಟಿ ಬರುವುದಿಲ್ಲ, ಗಿಣ್ಣದ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಹುಟ್ಟಿದ ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೂ ಇಳಿಯುತ್ತದೆ. ಗಿಣ್ಣ ಸಿಗದ ಮರಿಯಲ್ಲಿ ಹೊಕ್ಕುಳಿನಿಂದಲೋ ಕರುಳಿನಿಂದಲೋ ಹೊಕ್ಕ ಕ್ರಿಮಿ ರಕ್ತಕ್ಕೆ ಸೇರಿ ಮಿದುಳಿನ ಪೊರೆಗೆ ಮುಟ್ಟುತ್ತದೆ. ಕುದುರೆ ಈಯುವ ಮನೆಯವರಿಗೆ ಈ ಒಂದು ಮಾತು ಗೊತ್ತಿದ್ದರೂ ಎಷ್ಟೋ ಮರಿಗಳು ಉಳಿದಾವು.

ದೊಡ್ಡ ಕುದುರೆಗಳಲ್ಲಿ ಮುಖ್ಯವಾಗಿ ಅನುಮಾನಪಡಬೇಕಾದದ್ದು ಸ್ಟ್ರ್ಯಾಂಗಲ್ಸ್. ದವಡೆಯ ಕೆಳಗೆ ಗಡ್ಡೆ ಬಂದು, ಒಡೆದು, ಕೀವು ಸುರಿಯುವ ಬೇನೆ ಇದು. ಕುದುರೆಯ ಗಂಟಲಿನ ಮೇಲೆ, ತಲೆಬುರುಡೆಯ ತಳಕ್ಕೆ ಅಂಟಿಕೊಂಡಂತೆ ಎರಡು ಗಾಳಿಚೀಲಗಳಿವೆ. ಒಂದೊಂದರಲ್ಲೂ 300ರಿಂದ 500 ಮಿಲಿಲೀಟರ್ ಹಿಡಿಯುವಷ್ಟು ಜಾಗ. ಗಡ್ಡೆ ಒಳಗಡೆ ಒಡೆದರೆ ಕೀವು ಅಲ್ಲಿ ತುಂಬಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಲವೊಮ್ಮೆ ಸೋಂಕು ರಕ್ತದೊಂದಿಗೆ ಹೊರಟು ಮಿದುಳಿನಲ್ಲೇ ಕೀವುಗಡ್ಡೆ ಕಟ್ಟುತ್ತದೆ. ಹಾಗಾಗಿ ‘ಕಳೆದ ತಿಂಗಳು ದವಡೆ ಬಾತಿತ್ತೇ?’ ಎಂದು ವೈದ್ಯರು ಕೇಳುವ ಪ್ರಶ್ನೆಗೆ ಬಹಳ ಬೆಲೆಯಿದೆ.

ಪರೀಕ್ಷೆ ಶುರುವಾಗುವುದು ಥರ್ಮಾಮೀಟರಿನಿಂದ. ಆರೋಗ್ಯದ ಕುದುರೆಯ ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಜ್ವರವಿದ್ದರೆ ಸೋಂಕಿನ ಕಡೆ ತೂಕ ಹೆಚ್ಚು. ಬೂಷ್ಟಿನ ವಿಷಕ್ಕೆ ಸಾಮಾನ್ಯವಾಗಿ ಜ್ವರ ಇರದು, ಅದೇ ಮೇವು ತಿಂದ ಇನ್ನೊಂದು ಕುದುರೆಗೂ ತೊಂದರೆ ಕಾಣಿಸಬಹುದು. ಕುತ್ತಿಗೆ ಬಿಗಿದು, ಮುಟ್ಟಿದರೆ ಬೆಚ್ಚಿಬಿದ್ದರೆ ಪೊರೆಯ ಉರಿಯೂತ ಇರಬಹುದು. ಒಂದೇ ಕಡೆ ಸುತ್ತುತ್ತ, ಒಂದು ಕಣ್ಣು ಮಾತ್ರ ಕುರುಡಾಗಿದ್ದರೆ ಮಿದುಳಿನ ಒಂದು ಬದಿಗೆ ಕೀವುಗಡ್ಡೆ ಒತ್ತುತ್ತಿದೆಯೇ ಎಂದು ನೋಡಬೇಕು. ಕುರುಡಾದದ್ದು ಎಡಗಣ್ಣಾದರೆ ಗಡ್ಡೆ ಇರುವುದು ಬಹುತೇಕ ಬಲಬದಿಗೆ.

ನಂತರದ್ದು ಬೆನ್ನಿನ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವ, ತೆಗೆಯುವ ಕೆಲಸ. ಮನುಷ್ಯರಲ್ಲಿ ಇದನ್ನು 1891ರಲ್ಲಿ ಜರ್ಮನಿಯ ವೈದ್ಯ ಹೈನ್ರಿಖ್ ಕ್ವಿಂಕೆ ರೂಢಿಗೆ ತಂದ. ಕುದುರೆಯಲ್ಲಿ ದಾರಿ ಎರಡು. ತಲೆಯ ಹಿಂಭಾಗದಿಂದ ತೆಗೆಯಲು ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಬೇಕು, ಮಿದುಳು ಬಾತಿದ್ದರೆ ಅದು ಪ್ರಾಣಕ್ಕೇ ಅಪಾಯ. ಸೊಂಟದ ಕೊನೆಯ ಎಲುಬಿನ ಹಿಂದೆ, ತ್ರಿಕಾಸ್ಥಿ ಶುರುವಾಗುವಲ್ಲಿ, ನಿಂತ ಕುದುರೆಯಿಂದಲೇ ತೆಗೆಯಬಹುದು. ಕೂದಲು ಬೋಳಿಸಿ, ಚರ್ಮ ಶುದ್ಧಮಾಡಿ, ಮರಗಟ್ಟಿಸಿ, 15 ಸೆಂಟಿಮೀಟರಿಗೂ ಉದ್ದದ ಸೂಜಿಯನ್ನು ನಡುಗೆರೆ ಬಿಡದಂತೆ ನೇರ ಇಳಿಸುತ್ತಾರೆ. ತುದಿ ಜಾಗ ಮುಟ್ಟಿದಾಗ ಕುದುರೆಯ ಬಾಲ ಒಮ್ಮೆ ಅದುರುವುದುಂಟು. ಆರೋಗ್ಯದ ಕುದುರೆಯಿಂದ ಬರುವುದು ಬಾವಿನೀರಿನಷ್ಟು ತಿಳಿಯಾದ ದ್ರವ. ಒಂದು ಮೈಕ್ರೊಲೀಟರಿನಲ್ಲಿ ಬಿಳಿಕಣಗಳು ಬೆರಳೆಣಿಕೆಯಷ್ಟು. ಬ್ಯಾಕ್ಟೀರಿಯಾ ಇದ್ದರೆ ದ್ರವ ಮಬ್ಬಾಗುತ್ತದೆ, ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ನೂರಾರು, ಸಾವಿರಾರು ತುಂಬಿರುತ್ತವೆ, ಪ್ರೋಟೀನ್ ಏರಿ ಸಕ್ಕರೆ ಇಳಿದಿರುತ್ತದೆ.

ಇಲ್ಲೂ ತೊಡಕುಗಳಿವೆ. ಕಣಗಳು ಬಾಟಲಿಯಲ್ಲಿ ಬೇಗ ಕೆಡುವುದರಿಂದ ಗಂಟೆಯೊಳಗೆ ಎಣಿಸಬೇಕು. ಮೊದಲೇ ಆ್ಯಂಟಿಬಯೋಟಿಕ್ ಚುಚ್ಚಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಗಡ್ಡೆ ಮಿದುಳಿನ ಆಳದಲ್ಲಿ ಕಟ್ಟಿಕೊಂಡಿದ್ದರೆ ಬೆನ್ನಿನ ನೀರು ತಿಳಿಯಾಗಿಯೇ ಬರಬಹುದು. ‘ರಿಪೋರ್ಟ್ ನಾರ್ಮಲ್’ ಎಂದಾಕ್ಷಣ ಸೋಂಕು ಇಲ್ಲವೆಂದು ಕೈಬಿಡುವಂತಿಲ್ಲ.

ಮನುಷ್ಯನ ಮಿದುಳಿನ ಸೋಂಕಿಗೆ ಮೊದಲ ನೆಚ್ಚಿನ ಔಷಧಿ ಬಂದದ್ದು ಕುದುರೆಯ ರಕ್ತದಿಂದ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಸೈಮನ್ ಫ್ಲೆಕ್ಸ್‌ನರ್ ಕುದುರೆಗಳಲ್ಲಿ ತಯಾರಿಸಿದ ಸೀರಮ್ಮನ್ನು ಮೆನಿಂಜೈಟಿಸ್ ರೋಗಿಗಳ ಬೆನ್ನಿಗೆ ಕೊಡಲಾಯಿತು. 1913ರಲ್ಲಿ ಆತ ಸುಮಾರು 1,300 ರೋಗಿಗಳ ಲೆಕ್ಕ ಮುಂದಿಟ್ಟಾಗ, ಹತ್ತರಲ್ಲಿ ಏಳೆಂಟು ಮಂದಿಯನ್ನು ಕೊಲ್ಲುತ್ತಿದ್ದ ಕಾಯಿಲೆ ಹತ್ತರಲ್ಲಿ ಮೂವರಿಗೆ ಇಳಿದಿತ್ತು. ಆ ಋಣ ನೆನೆದಾದರೂ ಅದೇ ಪ್ರಾಣಿಯ ಬೆನ್ನಿನ ನೀರು ಪರೀಕ್ಷೆಗೆ ಹೋಗುವ ಏರ್ಪಾಡು ನಮ್ಮ ತಾಲೂಕುಗಳಲ್ಲಿ ಇರಬೇಕು.

ಆದರೆ 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6.25 ಲಕ್ಷ ಇದ್ದ ಕುದುರೆಗಳು 2019ರ ಹೊತ್ತಿಗೆ 3.4 ಲಕ್ಷಕ್ಕೆ ಇಳಿದವು. ದಿನವಿಡೀ ಎಮ್ಮೆ, ಆಕಳು, ಕುರಿ ನೋಡುವ ಹಳ್ಳಿಯ ಪಶುವೈದ್ಯರ ಕೈಗೆ ಕುದುರೆ ಸಿಗುವುದೇ ಅಪರೂಪ, ಅದರ ಬೆನ್ನಿಗೆ ಸೂಜಿ ಇಳಿಸುವ ಅಭ್ಯಾಸ ಎಲ್ಲಿಂದ ಬಂದೀತು? ಕುದುರೆಗಳಿಗೆಂದೇ 1985ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದು ಹರಿಯಾಣದ ಹಿಸ್ಸಾರ್‌ನಲ್ಲಿ. ರೇಬೀಸ್ ಪತ್ತೆಯ ಪ್ರಯೋಗಾಲಯವಿರುವ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೀಡಿಯಿಂದ 450 ಕಿಲೋಮೀಟರಿಗೂ ದೂರ.

ಕುದುರೆ ಉಳಿಯದಿದ್ದರೆ, ಹೂಳುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬದುಕಿರುವಾಗ ರೇಬೀಸನ್ನು ಖಚಿತವಾಗಿ ಹೇಳುವ ಪರೀಕ್ಷೆ ಕುದುರೆಗಿಲ್ಲ. ಉತ್ತರ ಇರುವುದು ಮಿದುಳಿನಲ್ಲೇ. ಬುರುಡೆ ಒಡೆಯಬೇಕೆಂದೂ ಇಲ್ಲ. ಕತ್ತಿನ ಹಿಂದೆ ಬೆನ್ನುಹುರಿ ಬುರುಡೆಗೆ ಸೇರುವ ತೂತಿನಿಂದ ನಳಿಗೆ ತೂರಿಸಿ ಮಿದುಳುಕಾಂಡದ ತುಣುಕು ತೆಗೆಯಬಹುದು. ಕೈಗವಸು, ಮುಖಗವಸು ಧರಿಸಿದ ಪಶುವೈದ್ಯರೇ ಇದನ್ನು ಮಾಡಬೇಕು. ರೇಬೀಸ್ ಪರೀಕ್ಷೆಯ ತುಣುಕನ್ನು ಫಾರ್ಮಲಿನ್‌ನಲ್ಲಿ ಅದ್ದದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳಿಸಬೇಕು. ರೇಬೀಸ್ ಇಲ್ಲವೆಂದು ಗೊತ್ತಾದ ಮೇಲೆ ಬುರುಡೆ ತೆರೆದು, ಕೀವು ಕಂಡರೆ ಕಲ್ಚರ್‌ಗೆ ಕಳಿಸಿದರೆ ಬ್ಯಾಕ್ಟೀರಿಯಾದ ಹೆಸರು ತಿಳಿಯುತ್ತದೆ, ಬಿಡಾರದ ಉಳಿದ ಕುದುರೆಗಳಿಗೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಜೊಲ್ಲು ಮುಟ್ಟಿದವರು ವರದಿಗೆ ಕಾಯಬಾರದು. ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಗಾಯವಿರಲಿ ಇಲ್ಲದಿರಲಿ, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ಕುದುರೆಗಾಗಿ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಬಹುದು. ವೈದ್ಯರು ಬರುವವರೆಗೆ ಬಾಯಿಗೆ ಕೈ ಹಾಕಬೇಡಿ, ನೀರು ಕುಡಿಸಲು ಹೋಗಬೇಡಿ, ಮಕ್ಕಳನ್ನು ದೂರವಿಡಿ. ನಾಯಿ ಕಚ್ಚಿತ್ತೇ, ದವಡೆ ಬಾತಿತ್ತೇ, ಗೋವಿನಜೋಳ ಎಲ್ಲಿಯದು, ಈಗಾಗಲೇ ಯಾವ ಇಂಜೆಕ್ಷನ್ ಆಗಿದೆ ಎಂಬುದನ್ನು ನೆನಪು ಮಾಡಿಕೊಂಡು ಇಡಿ.